ನೀರಿನ ಪಕ್ಕದಲ್ಲೊಂದು ನೆರಳಿನ ಕುರ್ಚಿ: ಬೆಂಗಳೂರಿನ ಕುಟುಂಬಗಳಿಗೆ ಯಾವ ರೆಸಾರ್ಟ್ ಸರಿ?

ಕಳೆದ ಬೇಸಿಗೆ ರಜೆಯ ಒಂದು ಶನಿವಾರ, ಬೆಂಗಳೂರಿನ ಹೊರವಲಯದ ರೆಸಾರ್ಟೊಂದರಲ್ಲಿ ನಮ್ಮ ಅತ್ತೆ ಎರಡೂವರೆ ಗಂಟೆ ಈಜುಕೊಳದ ಸಿಮೆಂಟು ಕಟ್ಟೆಯ ಮೇಲೆ ಕುಳಿತಿದ್ದರು. ಅವರಿಗೆ 71 ವರ್ಷ, ಎರಡೂ ಮೊಣಕಾಲು ನೋವು. ಮೊಮ್ಮಕ್ಕಳು ನೀರಿನಲ್ಲಿ ಆಡುವುದನ್ನು ನೋಡಬೇಕೆಂಬುದು ಬಿಟ್ಟರೆ ಆ ಪ್ರವಾಸದಿಂದ ಅವರು ಬೇರೇನನ್ನೂ ಬಯಸಿರಲಿಲ್ಲ. ಕೊಳದ ಸುತ್ತ ಇಪ್ಪತ್ತಕ್ಕೂ ಹೆಚ್ಚು ಒರಗುಕುರ್ಚಿಗಳಿದ್ದವು. ಅವುಗಳಲ್ಲಿ ಅರ್ಧದಷ್ಟರ ಮೇಲೆ ಯಾರೂ ಕುಳಿತಿರಲಿಲ್ಲ. ಟವೆಲ್, ಚಪ್ಪಲಿ, ಮಕ್ಕಳ ಗಾಳಿ ಟ್ಯೂಬು ಇದ್ದವು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೋಡುತ್ತಲೇ ಬೆಳೆದವರು ನಾವು. ಛತ್ರದ ಮದುವೆಯೂಟದಲ್ಲಿ ಉಣ್ಣುವವರ ಬೆನ್ನ ಹಿಂದೆ ನಿಂತು ಕುರ್ಚಿಗಾಗಿ ಕಾದವರು. ಆದರೆ ತಲೆಗಿಷ್ಟೆಂದು ಹಣ ತೆತ್ತು, ವಿಶ್ರಾಂತಿಗೆಂದೇ ಹೋದ ಜಾಗದಲ್ಲೂ ವಯಸ್ಸಾದ ಒಂದು ಜೀವಕ್ಕೆ ಕೂರಲು ತಾವಿಲ್ಲ ಎಂದಾಗ ನನಗೆ ಬಹಳ ನೋವಾಯಿತು.

ಆಮೇಲೆ ಒಂದು ವರ್ಷ ನಾನು ಈ ವಿಷಯವನ್ನು ಬಿಡಲಿಲ್ಲ. ಹತ್ತಾರು ಕಡೆ ಫೋನ್ ಮಾಡಿದೆ, ನಾಲ್ಕು ಬಗೆಯ ಜಾಗಗಳಲ್ಲಿ ಉಳಿದು ಬಂದೆ, ಮಾಲ್ಡೀವ್ಸ್‌ಗೆ ಹೋಗಿಬಂದ ತಂಗಿಯ ಬಿಲ್ಲುಗಳನ್ನು ತರಿಸಿಕೊಂಡು ಓದಿದೆ. ಈಗ ರಜೆ ಹತ್ತಿರ ಬಂದಾಗ ಬಂಧುಗಳು, ಅಪಾರ್ಟ್‌ಮೆಂಟಿನವರು ಕೇಳುವ ಪ್ರಶ್ನೆ ಒಂದೇ. ಮಕ್ಕಳಿಗೆ ನೀರು, ಹಿರಿಯರಿಗೆ ನೆರಳು, ನಮಗೆ ಅಡುಗೆಮನೆಯಿಂದ ಬಿಡುವು, ಇವು ಮೂರೂ ಜಗಳವಿಲ್ಲದೆ ಎಲ್ಲಿ ಸಿಗುತ್ತವೆ? ಊಟ ವಸತಿ ಸೇರಿದ ಒಂದೇ ದರದ ಜಾಗಗಳನ್ನು ಆರಿಸುವಾಗ ನಾನು ಏನನ್ನು ನೋಡುತ್ತೇನೆ ಎಂಬುದನ್ನು ಮೊದಲು ಹೇಳಿ, ಆಮೇಲೆ ಒಂದೊಂದೇ ಆಯ್ಕೆಗೆ ಬರುತ್ತೇನೆ.

ಕೋಣೆಗೊಂದು ಕುರ್ಚಿ

ಯುರೋಪಿನಲ್ಲಿ ಈ ಕುರ್ಚಿಯ ಜಗಳ ಹಳೆಯದು. ಅಲ್ಲಿನ ಜನರಿಗೆ ಬಿಸಿಲು ಬೇಕು. ಬೆಳಿಗ್ಗೆ ಆರಕ್ಕೇ ಎದ್ದು ಟವೆಲ್ ಹಾಸಿ ಮತ್ತೆ ಹೋಗಿ ಮಲಗುತ್ತಾರೆ. ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ 2018ರಲ್ಲಿ, ಹಣ ಕೊಟ್ಟರೆ ಊರು ಬಿಡುವ ಮೊದಲೇ ಕುರ್ಚಿ ಕಾಯ್ದಿರಿಸುವ ಸೌಲಭ್ಯವನ್ನೇ ತಂದಿತ್ತು. ನಮ್ಮ ಕಷ್ಟ ಇದಕ್ಕೆ ತದ್ವಿರುದ್ಧ. ನಮಗೆ ಬೇಕಿರುವುದು ನೆರಳು. ಕೊಳದ ಸುತ್ತ ನಲವತ್ತು ಕುರ್ಚಿಗಳಿದ್ದು ಕೊಡೆಯ ಕೆಳಗಿರುವವು ಎಂಟೇ ಆದರೆ, ಬೆಂಗಳೂರಿನ ಕುಟುಂಬಗಳ ಮಟ್ಟಿಗೆ ಅಲ್ಲಿರುವುದು ಎಂಟೇ ಕುರ್ಚಿ. ಉಳಿದವುಗಳ ಮೇಲೆ ಬಟ್ಟೆ ಒಣಗುತ್ತದೆ, ಅಷ್ಟೆ.

ನೆರಳಿನ ಲೆಕ್ಕದಲ್ಲಿ ನಮ್ಮ ಊರಿನದೇ ಒಂದು ವಿಶೇಷವಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 24ರ ಹೊತ್ತಿಗೆ ಮತ್ತು ಆಗಸ್ಟ್ 18ರ ಹೊತ್ತಿಗೆ, ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುತ್ತಾನೆ. ಶಾಲೆಯ ಮಕ್ಕಳು ಅಂದು ಅಂಗಳದಲ್ಲಿ ಕೋಲು ನೆಟ್ಟು ನೆರಳು ಮಾಯವಾಗುವುದನ್ನು ನೋಡುತ್ತಾರೆ. ಇದರಲ್ಲಿ ಮೊದಲನೆಯದು ಬೇಸಿಗೆ ರಜೆಯ ನಟ್ಟನಡುವೆಯೇ ಬರುತ್ತದೆ. ಆ ದಿನಗಳಲ್ಲಿ 12 ಗಂಟೆಗೆ ಪಕ್ಕದ ಕಟ್ಟಡದ ನೆರಳು ಕೊಳದ ಕಡೆ ಚಾಚುವುದೇ ಇಲ್ಲ. ನೇರ ಮೇಲೆ ಮರದ ಹಂದರವೋ ಚಾವಣಿಯೋ ಇರಬೇಕು. ಮಧ್ಯಾಹ್ನ ಮೂರರ ಮೇಲಾದರೆ ಕೊಳದ ಪಡುವಣಕ್ಕೆ ಕಟ್ಟಡ ಅಥವಾ ಸಾಲುಮರ ಇದ್ದರೂ ಸಾಕು. ಆದ್ದರಿಂದ ಫೋನಿನಲ್ಲಿ ನಾನು ಕೇಳುವ ಮೊದಲ ಪ್ರಶ್ನೆ ಕುರ್ಚಿ ಎಷ್ಟು ಎಂದಲ್ಲ, ನೆರಳಿನಲ್ಲಿರುವ ಕುರ್ಚಿ ಎಷ್ಟು ಎಂದು.

ಎರಡನೆಯದು ಜನರ ಲೆಕ್ಕ. ಕೋಣೆಗೆ ಒಂದು ಕುರ್ಚಿಯಾದರೂ ಇರಬೇಕೆಂಬುದು ನನ್ನ ಅಳತೆಗೋಲು. ನಾಲ್ಕು ಜನರ ಕುಟುಂಬದಲ್ಲಿ ಇಬ್ಬರು ನೀರಿನಲ್ಲಿರುತ್ತಾರೆ, ಒಬ್ಬರು ಓಡಾಡುತ್ತಿರುತ್ತಾರೆ, ಒಬ್ಬರಿಗೆ ಕುರ್ಚಿ ಬೇಕು. ಆದರೆ ಕೋಣೆಗಳನ್ನು ಎಣಿಸಿದರೆ ಲೆಕ್ಕ ಮುಗಿಯುವುದಿಲ್ಲ. ಉಳಿಯದೆ ಬೆಳಿಗ್ಗೆ ಬಂದು ಸಂಜೆ ಹೋಗುವ ಡೇ ಔಟ್ ಅತಿಥಿಗಳಿರುತ್ತಾರಲ್ಲ, ಅವರಲ್ಲಿ ನಾಲ್ವರನ್ನು ಒಂದು ಕೋಣೆ ಎಂದು ಎಣಿಸಿ. ಉದಾಹರಣೆಗೆ 50 ಕೋಣೆ, 25 ಕುರ್ಚಿ ಎಂದಾಗ ಎರಡು ಕೋಣೆಗೊಂದು ಎನಿಸುತ್ತದೆ. ಅದೇ ಜಾಗ ಶನಿವಾರ 150 ಜನರಿಗೆ ಡೇ ಔಟ್ ಮಾರಿದ್ದರೆ ಕೋಣೆಗಳ ಸಂಖ್ಯೆ 87 ದಾಟಿದಂತೆ. ಅತ್ತೆ ಕಟ್ಟೆಯ ಮೇಲೆ ಕುಳಿತ ದಿನ ಆಗಿದ್ದು ಇದೇ. ನಮ್ಮೊಡನೆ ಉಳಿದವರು ನಲವತ್ತು ಕುಟುಂಬ ಇದ್ದಿರಬಹುದು. ಹನ್ನೊಂದು ಗಂಟೆಗೆ ಎರಡು ಬಸ್ಸು ತುಂಬಾ ಕಂಪನಿಯ ಸಿಬ್ಬಂದಿ ಬಂದಿಳಿದರು. ಅವರ ತಪ್ಪೇನೂ ಇಲ್ಲ, ಅವರೂ ಹಣ ಕೊಟ್ಟೇ ಬಂದವರು. ಇಷ್ಟು ಜಾಗಕ್ಕೆ ಅಷ್ಟು ಜನರನ್ನು ಕರೆದ ಹೊಣೆ ಜಾಗ ನಡೆಸುವವರದು.

ಮಿಕ್ಕ ಅಳತೆಗೋಲುಗಳನ್ನು ಬೇಗ ಹೇಳುತ್ತೇನೆ. ಕೊಳದಿಂದ ಶೌಚಾಲಯ ಮತ್ತು ಊಟದ ಮನೆ ಎಷ್ಟು ಮೆಟ್ಟಿಲು ದೂರ, ಮಕ್ಕಳ ಕೊಳ ಬೇರೆಯೇ ಇದೆಯೇ, ಪ್ರಯಾಣದ ಗಂಟೆಗಳಿಗೆ ಹೋಲಿಸಿದರೆ ಅಲ್ಲಿ ಉಳಿಯುವ ಗಂಟೆಗಳೆಷ್ಟು. ಸಾಮಾನ್ಯವಾಗಿ ಕೋಣೆ ಸಿಗುವುದು ಮಧ್ಯಾಹ್ನ ಎರಡಕ್ಕೆ, ಬಿಡಬೇಕಾದದ್ದು ಮರುದಿನ ಹನ್ನೊಂದಕ್ಕೆ. ಒಂದೇ ರಾತ್ರಿಗೆಂದು ಐದು ಗಂಟೆ ಗಾಡಿ ಓಡಿಸಿ ಹೋದರೆ ಮಕ್ಕಳಿಗೆ ನೀರಿನಲ್ಲಿ ಸಿಗುವುದು ಒಂದು ಸಂಜೆ, ಒಂದು ಬೆಳಗು. ದೂರದ ಜಾಗಕ್ಕೆ ಎರಡು ರಾತ್ರಿಗಿಂತ ಕಡಿಮೆ ಬೇಡ.

'ಎಲ್ಲವೂ ಸೇರಿದೆ' ಎಂದರೆ ಏನೇನು ಸೇರಿದೆ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಹೆಚ್ಚು ಹಣ ಸೋರಿಹೋಗುವುದು ಇಲ್ಲೇ. ಹೋಟೆಲಿನವರು ಬಳಸುವ ಗುರುತುಗಳು ನಾಲ್ಕು. ಇಪಿ ಎಂದರೆ ಬರೀ ಕೋಣೆ. ಸಿಪಿ ಎಂದರೆ ಕೋಣೆ ಮತ್ತು ಬೆಳಗಿನ ತಿಂಡಿ. ಎಂಎಪಿ ಎಂದರೆ ತಿಂಡಿಯ ಜೊತೆ ಮಧ್ಯಾಹ್ನದ ಅಥವಾ ರಾತ್ರಿಯ ಒಂದು ಊಟ. ಎಪಿ ಎಂದರೆ ಮೂರೂ ಹೊತ್ತು. ನಮ್ಮ ರಾಜ್ಯದ ಬಹುಪಾಲು ಜಾಹೀರಾತುಗಳಲ್ಲಿ 'ಎಲ್ಲವೂ ಸೇರಿದೆ' ಎಂದಿರುವುದು ವಾಸ್ತವವಾಗಿ ಈ ಎಪಿ. ಸಂಜೆಯ ಕಾಫಿ ಬೋಂಡಾ, ಎಳನೀರು, ಕೊಳದ ಬಳಿ ಮಗು ಕೇಳಿದ ಐಸ್‌ಕ್ರೀಮು, ಸೈಕಲ್, ದೋಣಿ ಇವೆಲ್ಲ ಸೇರಿವೆಯೇ ಎಂದು ಒಂದೊಂದನ್ನೇ ಹೆಸರಿಸಿ ಕೇಳಬೇಕು, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಬೇಕು.

ಇನ್ನು ತೆರಿಗೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆ ಬಾಡಿಗೆಗೆ ಶೇ 5, ಅದನ್ನು ಮೀರಿದರೆ ಶೇ 18 ಜಿಎಸ್‌ಟಿ. 7,400 ರೂಪಾಯಿಯ ಕೋಣೆ ತೆರಿಗೆ ಸೇರಿ 7,770 ಆಗುತ್ತದೆ. 7,800ರ ಕೋಣೆ 9,204 ಆಗುತ್ತದೆ. ಹೊರನೋಟಕ್ಕೆ 400 ರೂಪಾಯಿ ಅಂತರ, ಕೈಯಿಂದ ಹೋಗುವುದು 1,434. ಆದ್ದರಿಂದ ಹೋಲಿಸುವಾಗ ತೆರಿಗೆ ಸೇರಿದ ಮೊತ್ತವನ್ನೇ ಹೋಲಿಸಿ. ಮಕ್ಕಳ ದರವನ್ನೂ ವಯಸ್ಸು ಹೇಳಿಯೇ ಕೇಳಿ. ಐದು ವರ್ಷದೊಳಗೆ ಉಚಿತ, ಹನ್ನೆರಡರೊಳಗೆ ಅರ್ಧ ಎಂಬ ರೂಢಿ ಹಲವು ಕಡೆ ಇದ್ದರೂ ಎಲ್ಲೆಡೆ ಒಂದೇ ಅಲ್ಲ. ಬಿಲ್ಲಿನಲ್ಲಿ ಸೇವಾ ಶುಲ್ಕ ತಾನಾಗಿ ಸೇರಿದ್ದರೆ ತೆಗೆಸಬಹುದು. ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ.

ನಗರದ ಅಂಚಿನ ರೆಸಾರ್ಟ್

ದೇವನಹಳ್ಳಿ, ನಂದಿ, ದೊಡ್ಡಬಳ್ಳಾಪುರ, ಬಿಡದಿ, ಕನಕಪುರ ರಸ್ತೆ, ಬನ್ನೇರುಘಟ್ಟ. ಒಂದೆರಡು ಗಂಟೆಯ ದಾರಿ. ಚಿಕ್ಕ ಮಗು ಇದ್ದು, ಕಾರಿನಲ್ಲಿ ವಾಂತಿ ಮಾಡಿಕೊಳ್ಳುವ ಅಭ್ಯಾಸವಿದ್ದರೆ ಇದಕ್ಕಿಂತ ಅನುಕೂಲ ಇನ್ನೊಂದಿಲ್ಲ. ಮಗುವಿಗೆ ಜ್ವರ ಬಂದರೆ ಅದೇ ರಾತ್ರಿ ಮನೆಗೆ ಮರಳಬಹುದು. ಹಣದ ದೃಷ್ಟಿಯಿಂದಲೂ ಮೊದಲು ಕೈಗೆಟುಕುವುದು ಇದೇ.

ಆದರೆ ಕುರ್ಚಿಯ ವಿಷಯದಲ್ಲಿ ಅತ್ಯಂತ ಕಷ್ಟದ ಆಯ್ಕೆಯೂ ಇದೇ. ಕಾರಣ ಆಗಲೇ ಹೇಳಿದೆ. ನಗರಕ್ಕೆ ಹತ್ತಿರವಿದ್ದಷ್ಟೂ ಡೇ ಔಟ್ ವ್ಯಾಪಾರ ಜೋರು. ಬೆಳಿಗ್ಗೆ ಹತ್ತೂವರೆಗೆ ತುಂಬಲು ಶುರುವಾದ ಕೊಳ ಐದರ ತನಕ ಖಾಲಿಯಾಗುವುದಿಲ್ಲ. ಜೋರು ಸಂಗೀತ, ಕೆಲವೆಡೆ ಮಳೆ ನೃತ್ಯ. ಅಜ್ಜಿಯರಿಗೆ, ಕೈಗೂಸುಗಳಿಗೆ ಅಲ್ಲಿ ನೆಮ್ಮದಿ ಇಲ್ಲ.

ಹಾಗೆಂದು ಇದನ್ನು ಕೈಬಿಡಬೇಕಿಲ್ಲ. ಉಳಿಯುವ ಅತಿಥಿಗೆ ಒಂದು ದೊಡ್ಡ ಅನುಕೂಲವಿದೆ, ಹೆಚ್ಚಿನವರು ಅದನ್ನು ಬಳಸಿಕೊಳ್ಳುವುದಿಲ್ಲ. ಡೇ ಔಟ್ ಬಸ್ಸುಗಳು ಹೊರಟ ಮೇಲೆ, ಸಂಜೆ ಐದೂವರೆಯಿಂದ ಏಳರವರೆಗೆ ಕೊಳ ನಿಮ್ಮದೇ. ಮರುದಿನ ಏಳರಿಂದ ಹತ್ತರವರೆಗೂ ಅಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ಆ ಹೊತ್ತಿನ ನೀರು ಹಿತವಾಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಬೆಳಗಿನ ಉಷ್ಣಾಂಶ 15, 16 ಡಿಗ್ರಿಗೆ ಇಳಿಯುವುದರಿಂದ ಈ ಉಪಾಯ ನಡೆಯದು. ನಮ್ಮಲ್ಲಿ ನೀರು ಬಿಸಿ ಮಾಡುವ ಕೊಳಗಳು ವಿರಳ. ಇನ್ನೊಂದು ದಾರಿ ಭಾನುವಾರ ಸಂಜೆ ಹೋಗಿ ಮಂಗಳವಾರ ಬರುವುದು. ರಜೆಯಲ್ಲಿರುವ ಮಕ್ಕಳಿಗೆ ಸೋಮವಾರವೂ ಒಂದೇ, ದರವೂ ಇಳಿದಿರುತ್ತದೆ. ಆದರೆ ಕಂಪನಿಗಳ ತಂಡಗಳು ಗುರುವಾರ, ಶುಕ್ರವಾರ ಬರುವುದುಂಟು. ವಾರದ ದಿನ ಎಂದ ಮಾತ್ರಕ್ಕೆ ಖಾಲಿ ಎಂದುಕೊಳ್ಳದೆ, ಆ ದಿನ ದೊಡ್ಡ ಗುಂಪಿನ ಬುಕಿಂಗ್ ಇದೆಯೇ ಎಂದು ಕೇಳಿಬಿಡಿ.

ಮಕ್ಕಳಿಗೆ ಬೇಕಿರುವುದು ನೀರಿನ ಜಾರುಬಂಡೆ, ಅಲೆಯ ಕೊಳ ಎಂದಾದರೆ ರೆಸಾರ್ಟಿನ ಪುಟ್ಟ ಕೊಳದಲ್ಲಿ ಅದನ್ನು ಹುಡುಕುವುದೇ ತಪ್ಪು. ಬಿಡದಿಯ ಬಳಿ 2005ರಿಂದ ಇರುವ ವಂಡರ್‌ಲಾದಂಥ ಜಲಕ್ರೀಡಾ ಉದ್ಯಾನಕ್ಕೆ ವಾರದ ದಿನವೊಂದನ್ನು ಮೀಸಲಿಟ್ಟು, ಹಿರಿಯರಿಗೆ ಬೇರೆಯೇ ದಿನ ಬೇರೆಯೇ ಜಾಗ ಎಂದು ಎರಡು ಮಾಡಿಬಿಡಿ. ಒಂದೇ ಕಲ್ಲಿಗೆ ಎರಡೂ ಹಣ್ಣು ಬೀಳುವುದಿಲ್ಲ.

ಒಂದು ಎಚ್ಚರಿಕೆ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಅಂಥ ಬೇಸಿಗೆ ಮತ್ತೆ ಬಂದರೆ ಕೊಳ ತುಂಬಿದೆಯೇ ಎಂಬುದನ್ನೇ ಮೊದಲು ಕೇಳಬೇಕಾಗುತ್ತದೆ. ಮನೆಗೆ ಟ್ಯಾಂಕರ್ ತರಿಸುವ ದಿನಗಳಲ್ಲಿ ಕೊಳದ ವಿಚಾರವೇ ಮನಸ್ಸಿಗೆ ಒಗ್ಗುವುದಿಲ್ಲ ಎನ್ನುವವರ ಮಾತನ್ನೂ ನಾನು ಗೌರವಿಸುತ್ತೇನೆ.

ಕಾಫಿ ಸೀಮೆ ಮತ್ತು ಕಬಿನಿಯ ಪೂರ್ಣ ಊಟದ ರೆಸಾರ್ಟ್

ಕೊಡಗು, ಚಿಕ್ಕಮಗಳೂರು, ಕಬಿನಿ ಎಲ್ಲವೂ ಬೆಂಗಳೂರಿನಿಂದ ಇನ್ನೂರು ಕಿಲೋಮೀಟರ್ ಮೀರಿದ ದೂರ, ಐದಾರು ಗಂಟೆ ಹಿಡಿಯಿರಿ. 2023ರಲ್ಲಿ ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಬಂದ ಮೇಲೆ ಮೈಸೂರಿನ ತನಕದ ದಾರಿ ಸುಲಭವಾಗಿದೆ. ಆಚೆಯ ತಿರುವುಗಳು ಮೊದಲಿನಂತೆಯೇ ಇವೆ.

ಈ ದೂರವೇ ಇವುಗಳ ಬಲ. ಇಷ್ಟು ದೂರಕ್ಕೆ ಡೇ ಔಟ್ ಎಂದು ಯಾರೂ ಬರುವುದಿಲ್ಲ. ಕೋಣೆಯಲ್ಲಿರುವವರು ಮಾತ್ರ ಕೊಳದ ಬಳಿ ಇರುತ್ತಾರೆ. ಅವರಲ್ಲೂ ಅರ್ಧ ಜನ ತೋಟ ಸುತ್ತಲು, ಅಬ್ಬಿ, ದುಬಾರೆ, ಮುಳ್ಳಯ್ಯನಗಿರಿ ಎಂದು ಹೊರಟಿರುತ್ತಾರೆ. ನಾವು ಹೋದ ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಕೊಳದ ಬಳಿ ಇದ್ದವರು ನಾವು ಮತ್ತು ಹಾಸನದ ಒಂದು ಕುಟುಂಬ. ಮೂರೂ ಹೊತ್ತಿನ ಊಟ ಸೇರಿಸಿ ಮಾರುವ ರೂಢಿ ಇಲ್ಲಿ ಮೊದಲಿನಿಂದ ಇದೆ, ಏಕೆಂದರೆ ತೋಟದ ನಡುವೆ ಊಟಕ್ಕೆಂದು ಹೊರಗೆ ಹೋಗಲು ಹತ್ತಿರದಲ್ಲಿ ಜಾಗವಿಲ್ಲ. ಕಡಂಬುಟ್ಟು, ಅಕ್ಕಿರೊಟ್ಟಿ, ಬಿದಿರು ಕಳಲೆಯ ಪಲ್ಯ ಬಫೆಯಲ್ಲಿ ಸಿಗುವ ಜಾಗಗಳನ್ನೇ ಹುಡುಕಿ ಹೋಗಿ. ಅಷ್ಟು ದೂರ ಹೋಗಿ ಮಕ್ಕಳು ಪನ್ನೀರ್ ಬಟರ್ ಮಸಾಲಾವನ್ನೇ ತಿಂದು ಬರುವುದು ನನಗೆ ಸರಿ ಕಾಣುವುದಿಲ್ಲ.

ಹಣ ಹೆಚ್ಚಿದ್ದು, ಜನರ ಮುಖವೇ ಬೇಡ ಎಂದಾದರೆ ಇಲ್ಲೇ ಖಾಸಗಿ ಕೊಳವಿರುವ ವಿಲ್ಲಾಗಳಿವೆ. ಸಿದ್ದಾಪುರದ ಬಳಿಯ ಇವಾಲ್ವ್ ಬ್ಯಾಕ್, ಚಿಕ್ಕಮಗಳೂರಿನ ಸೆರಾಯ್ ಈ ಬಗೆಯವು. ಕೋಣೆಯ ಬಾಗಿಲು ತೆರೆದರೆ ನಿಮ್ಮದೇ ನೀರು, ನಿಮ್ಮದೇ ಕುರ್ಚಿ. ಆದರೆ ಅಲ್ಲಿನ ಒಂದು ರಾತ್ರಿಯ ಹಣದಲ್ಲಿ ಮಧ್ಯಮ ದರ್ಜೆಯ ಜಾಗದಲ್ಲಿ ಮೂರು ನಾಲ್ಕು ರಾತ್ರಿ ಉಳಿಯಬಹುದು. ಮದುವೆಯ ಇಪ್ಪತ್ತೈದನೇ ವರ್ಷಕ್ಕೋ ಅಪ್ಪನ ಷಷ್ಟ್ಯಬ್ದಿಗೋ ಸರಿ. ಪ್ರತಿ ಬೇಸಿಗೆಗೆ ಇದನ್ನೇ ಮಾಡಿ ಎಂದು ಸಾಲದ ಕಂತು ಕಟ್ಟುವ ಮನೆಗಳಿಗೆ ನಾನು ಹೇಳಲಾರೆ.

ಇಲ್ಲಿ ಬಿಟ್ಟುಕೊಡಬೇಕಾದದ್ದು ಎರಡು. ಒಂದು, ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹಿಡಿದರೆ ಕೊಳ ನೋಡಲು ಮಾತ್ರ. ಏಪ್ರಿಲ್, ಮೇ ಸಂಜೆಗಳಲ್ಲೂ ಗುಡುಗು ಮಿಂಚು ಬಂದಾಗ ಕೊಳ ಮುಚ್ಚುತ್ತಾರೆ, ಮುಚ್ಚಲೇಬೇಕು. ಎರಡು, ಇಳಿಜಾರು. ಕಾಫಿ ತೋಟದ ರೆಸಾರ್ಟುಗಳಲ್ಲಿ ಕೋಣೆ ಮೇಲೆ, ಕೊಳ ಕೆಳಗೆ, ಊಟದ ಮನೆ ಇನ್ನೆಲ್ಲೋ. ಅತ್ತೆಯಂಥವರಿಗೆ ಕೊಳದ ಮಟ್ಟದಲ್ಲಿರುವ ಕೋಣೆಯನ್ನೇ ಕೇಳಿ ಪಡೆಯಬೇಕು, ಬ್ಯಾಟರಿ ಗಾಡಿ ಇದೆಯೇ ಎಂದು ವಿಚಾರಿಸಬೇಕು.

ಮೂರು ಕುಟುಂಬ ಸೇರಿ ಒಂದು ಮನೆ

ಈಚೆಗೆ ಹೆಚ್ಚು ಜನ ಕೇಳುತ್ತಿರುವುದು ಇದನ್ನೇ. ಕೊಳವಿರುವ ಇಡೀ ಮನೆಯನ್ನು ಬಾಡಿಗೆಗೆ ಪಡೆದು, ಅಕ್ಕ ತಂಗಿಯರ ಕುಟುಂಬಗಳೆಲ್ಲ ಸೇರಿ ಹೋಗುವುದು. ಅಡುಗೆಯವರು ಮನೆಯೊಂದಿಗೇ ಬಂದರೆ ಊಟದ ಚಿಂತೆಯೂ ಇಲ್ಲ. ಹನ್ನೆರಡು ಜನರಿಗೆ ಹಂಚಿದರೆ ತಲೆಗೆ ಬೀಳುವ ಖರ್ಚು ಎಷ್ಟೋ ವೇಳೆ ರೆಸಾರ್ಟಿಗಿಂತ ಕಡಿಮೆ. ಕುರ್ಚಿಗಾಗಿ ಸ್ಪರ್ಧೆ ಎಂಬುದೇ ಇಲ್ಲ. ಅಜ್ಜ ಮನೆಯೊಳಗಿನ ಆರಾಮ ಕುರ್ಚಿಯನ್ನೇ ಹೊರಗೆ ತಂದು ಹಾಕಿಕೊಳ್ಳಬಹುದು.

ಆದರೂ ಚಿಕ್ಕ ಮಕ್ಕಳಿರುವ ಮನೆಯವರಿಗೆ ಇದನ್ನು ಹೇಳುವಾಗ ನನಗೆ ಎದೆ ಅಳುಕುತ್ತದೆ. ಇಂಥ ಮನೆಗಳಲ್ಲಿ ಜೀವರಕ್ಷಕರು ಇರುವುದಿಲ್ಲ. 2024ರ ನವೆಂಬರ್‌ನಲ್ಲಿ ಉಳ್ಳಾಲದ ಬಳಿ ರೆಸಾರ್ಟೊಂದರ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ತೀರಿಕೊಂಡರು. ಓದು ಮುಗಿಸುವ ವಯಸ್ಸಿನ ಹುಡುಗಿಯರು. ಕಾಯುವವರು ಅಲ್ಲಿರಲಿಲ್ಲ. ದೊಡ್ಡವರಿಗೇ ಹೀಗಾದರೆ ನಾಲ್ಕು ವರ್ಷದ ಮಗುವಿನ ಗತಿ ಏನು? ನೆಂಟರೆಲ್ಲ ಸೇರಿದಾಗ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಪ್ರತಿಯೊಬ್ಬರೂ ಬೇರೆ ಯಾರೋ ಮಗುವನ್ನು ನೋಡುತ್ತಿದ್ದಾರೆ ಎಂದುಕೊಂಡಿರುತ್ತಾರೆ. ಕೊಳಕ್ಕೆ ಬೇಲಿ ಮತ್ತು ಬೀಗವಿರುವ ಬಾಗಿಲು ಇದೆಯೇ, ಎಲ್ಲಿ ಎಷ್ಟು ಅಡಿ ಆಳ ಎಂದು ಬರೆದಿದೆಯೇ, ಆಳ ಒಮ್ಮೆಲೇ ಇಳಿಯುತ್ತದೆಯೇ ಇವನ್ನು ವಿಡಿಯೊ ಕರೆಯಲ್ಲಿ ನೋಡದೆ ಮುಂಗಡ ಕೊಡಬೇಡಿ. ಅಲ್ಲಿ ಹೋದ ಮೇಲೆ ಗಂಟೆಗೊಬ್ಬರಂತೆ ಹೆಸರು ಹೇಳಿ ಕಾವಲಿಗೆ ನಿಲ್ಲಿಸಿ, ಮೊಬೈಲ್ ಒಳಗಿಟ್ಟು. ಮನೆಯಲ್ಲಿ ಈಜು ಬಲ್ಲವರು ಒಬ್ಬರೂ ಇಲ್ಲವೆಂದರೆ ಈ ಆಯ್ಕೆ ನಿಮಗಲ್ಲ ಎಂದು ನೇರವಾಗಿಯೇ ಹೇಳುತ್ತೇನೆ.

ಹೋಮ್‌ಸ್ಟೇಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊಟ ಚೆನ್ನ, ಮನೆಯವರ ಮಾತು ಚೆನ್ನ, ದರ ಹಗುರ. ಕೊಳ ಇದ್ದರೆ ಚಿಕ್ಕದು. ಕೊಳಕ್ಕಾಗಿ ಅಲ್ಲಿಗೆ ಹೋಗಬೇಡಿ, ಊಟಕ್ಕಾಗಿ ಹೋಗಿ.

ಸರ್ಕಾರದ ಜಂಗಲ್ ಲಾಡ್ಜಸ್

ಪ್ಯಾಕೇಜ್ ಎಂದರೆ ಹೇಗಿರಬೇಕು ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಳ್ಳೆಯ ಉದಾಹರಣೆ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್. 1980ರಲ್ಲಿ ಶುರುವಾದ ಸಂಸ್ಥೆ. ಕಾರಾಪುರದ ಕಬಿನಿ ರಿವರ್ ಲಾಡ್ಜ್ ಹಿಂದೆ ಮೈಸೂರು ಮಹಾರಾಜರ ಬೇಟೆಯ ಬಂಗಲೆ ಇದ್ದ ಜಾಗ. ಭದ್ರಾ ಹಿನ್ನೀರಿನ ಲಕ್ಕವಳ್ಳಿ, ಬಿಳಿಗಿರಿರಂಗನ ಬೆಟ್ಟದ ಕೆ. ಗುಡಿ, ಬಂಡೀಪುರ, ದಾಂಡೇಲಿ, ಕಾರವಾರದ ದೇವಬಾಗ್ ಎಲ್ಲೆಡೆ ತಲೆಗಿಷ್ಟೆಂದು ಒಂದು ದರ. ಅದರಲ್ಲಿ ವಸತಿ, ಊಟ, ಸಫಾರಿ ಅಥವಾ ದೋಣಿ ಸೇರಿರುತ್ತವೆ. ಮಧ್ಯಾಹ್ನದ ಊಟದಿಂದ ಮರುದಿನದ ತಿಂಡಿಯ ತನಕ ಗಂಟೆಗೊಂದು ಕೆಲಸ ಗೊತ್ತುಮಾಡಿರುತ್ತಾರೆ.

ಕೊಳವೇ ಬೇಕೆನ್ನುವವರಿಗೆ ಇದು ಉತ್ತರವಲ್ಲ. ಆದರೆ ನಿಮ್ಮ ಮಕ್ಕಳು ಎಂಟು ವರ್ಷ ದಾಟಿದ್ದರೆ ಒಮ್ಮೆ ಯೋಚಿಸಿ, ಅವರಿಗೆ ಬೇಕಿರುವುದು ಕೊಳವೇ ಅಥವಾ ನೆನಪಿನಲ್ಲಿ ಉಳಿಯುವಂಥದ್ದೇ? ಸಫಾರಿಯ ಜೀಪಿನಲ್ಲಿ ಸೀಟಿಗೆ ಜಗಳವಿಲ್ಲ, ಪ್ರತಿಯೊಬ್ಬರಿಗೂ ಒಂದು ಗೊತ್ತಾಗಿರುತ್ತದೆ. ನನ್ನ ಅತ್ತೆ ಭದ್ರಾ ಹಿನ್ನೀರಿನಲ್ಲಿ ದೋಣಿಯ ಮೇಲೆ ಕುಳಿತು ರೀವ ಹಕ್ಕಿಗಳ ಹಿಂಡನ್ನು ನೋಡಿದ ಸಂಜೆಯ ಮಾತನ್ನು ಇಂದಿಗೂ ಆಡುತ್ತಾರೆ. ಬೆಳಿಗ್ಗೆ ಆರಕ್ಕೆ ಮಕ್ಕಳನ್ನು ಎಬ್ಬಿಸುವ ಕಷ್ಟವಿದೆ, ಕುಲುಕಾಟದ ದಾರಿ ಬೆನ್ನುನೋವಿನವರಿಗೆ ಆಗುವುದಿಲ್ಲ. ನಡುವೆ ಸಫಾರಿಯೇ ನಿಲ್ಲುವ ಸಂದರ್ಭವೂ ಬರುತ್ತದೆ. ಹುಲಿ ದಾಳಿಗಳ ನಂತರ 2025ರ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳಲ್ಲಿ ಹಾಗಾಯಿತು. ಆದ್ದರಿಂದ ಸಫಾರಿ ನಡೆಯದಿದ್ದರೆ ಹಣದ ಕಥೆ ಏನು ಎಂದು ಕಾಯ್ದಿರಿಸುವ ಮೊದಲೇ ತಿಳಿದುಕೊಳ್ಳಿ.

ನೀರು ಮತ್ತು ನೆರಳು ಎರಡೂ ಬೇಕಾದರೆ ದೇವಬಾಗ್ ನೋಡಿ. ಕಾಳಿ ನದಿ ಸಮುದ್ರ ಸೇರುವಲ್ಲಿ, ಗಾಳಿಮರಗಳ ತೋಪಿನೊಳಗೆ ಮರದ ಮನೆಗಳು. ನೆರಳಿಗೆ ಕೊಡೆ ಬೇಕಿಲ್ಲ. ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿ ರೈಲು ಪಂಚಗಂಗಾ ಎಕ್ಸ್‌ಪ್ರೆಸ್ ಇದೆ, ಮಕ್ಕಳು ಮಲಗಿಕೊಂಡೇ ಹೋಗುತ್ತಾರೆ. ಸಮುದ್ರದ ಸೆಳೆತ ಕೊಳದಂಥದ್ದಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ವಿಮಾನ ಹತ್ತುವುದಾದರೆ

ಗೋವಾದಲ್ಲಿ ದೊಡ್ಡ ರೆಸಾರ್ಟುಗಳಿವೆ, ಕೊಳಗಳೂ ದೊಡ್ಡವು. ಆದರೆ ಸಾಮಾನ್ಯವಾಗಿ ದರದಲ್ಲಿ ಸೇರುವುದು ತಿಂಡಿ ಮಾತ್ರ. ಡಿಸೆಂಬರ್ ಕೊನೆಯ ವಾರ ಕುಟುಂಬದೊಂದಿಗೆ ಹೋಗುವ ಯೋಚನೆ ಬಿಡಿ. ದರವೂ ನೆತ್ತಿಗೇರಿರುತ್ತದೆ, ಕುರ್ಚಿಯೂ ಇರುವುದಿಲ್ಲ.

ಎಲ್ಲವೂ ಸೇರಿದ ದರ ಎಂಬ ಕಲ್ಪನೆಯನ್ನು ಜಗತ್ತಿಗೆ ಹರಡಿದ್ದು ಕ್ಲಬ್ ಮೆಡ್. 1950ರಲ್ಲಿ ಸ್ಪೇನಿನ ಮಲ್ಯೋರ್ಕಾ ದ್ವೀಪದಲ್ಲಿ ಡೇರೆಗಳ ಊರಾಗಿ ಅದು ಶುರುವಾಯಿತು. ಇಂದು ಫುಕೆಟ್‌ನಲ್ಲೂ ಅದರ ರೆಸಾರ್ಟ್ ಇದೆ. ಇಂಥಲ್ಲಿ ಮಕ್ಕಳಿಗಾಗಿಯೇ ದಿನವಿಡೀ ಆಟದ ಕೂಟ ನಡೆಯುತ್ತದೆ. ನಾಲ್ಕರಿಂದ ಹತ್ತರ ನಡುವಿನ ಮಕ್ಕಳಿದ್ದು, ತಂದೆ ತಾಯಿಗೆ ನಿಜವಾದ ಬಿಡುವು ಬೇಕೆಂದರೆ ಇದು ಒಳ್ಳೆಯ ಆಯ್ಕೆ.

ಕುರ್ಚಿಯ ಜಗಳದಿಂದ ಪೂರ್ತಿ ಮುಕ್ತಿ ಬೇಕೆಂದರೆ ಮಾಲ್ಡೀವ್ಸ್. ಅಲ್ಲಿ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್, ಮರಳಿನ ಮೇಲಿನ ವಿಲ್ಲಾಗೆ ಅದರದೇ ಎರಡು ಕುರ್ಚಿ. ಭಾರತೀಯರಿಗೆ ಇಳಿದಲ್ಲೇ ಉಚಿತ ವೀಸಾ. ಆದರೆ ಹೊರಗೆ ಕಾಣದ ಖರ್ಚುಗಳನ್ನು ಕೂಡಿಸಿಕೊಳ್ಳಿ. 2025ರ ಜನವರಿಯಿಂದ ರೆಸಾರ್ಟುಗಳಲ್ಲಿ ತಲೆಗೆ ದಿನಕ್ಕೆ 12 ಡಾಲರ್ ಹಸಿರು ತೆರಿಗೆ, ಎರಡು ವರ್ಷದೊಳಗಿನ ಕೂಸಿಗೆ ಮಾತ್ರ ವಿನಾಯಿತಿ. ನಾಲ್ವರು ನಾಲ್ಕು ರಾತ್ರಿ ಉಳಿದರೆ ಇದೊಂದೇ 192 ಡಾಲರ್. ಅದೇ ವರ್ಷದ ಜುಲೈನಿಂದ ಪ್ರವಾಸಿ ಸರಕು ಮತ್ತು ಸೇವಾ ತೆರಿಗೆ ಶೇ 17. ದೂರದ ದ್ವೀಪಗಳಿಗೆ ಕಡಲ ವಿಮಾನವೇ ಗತಿ, ಅದು ಕತ್ತಲಾದ ಮೇಲೆ ಹಾರುವುದಿಲ್ಲ. ಸಂಜೆ ಮಾಲೆಗೆ ಇಳಿದರೆ ಆ ರಾತ್ರಿ ಅಲ್ಲೇ ಕಳೆಯಬೇಕು. ನನ್ನ ತಂಗಿಯ ಕುಟುಂಬಕ್ಕೆ ಹೀಗೆ ಒಂದು ರಾತ್ರಿಯ ಬಾಡಿಗೆ ಹೆಚ್ಚಾಯಿತು. ಜೊತೆಗೆ ಅಲ್ಲಿನ ಪ್ಯಾಕೇಜುಗಳ ದರದಲ್ಲಿ ಮದ್ಯದ ಪಾಲು ದೊಡ್ಡದು. ಕುಡಿಯದ ಮನೆಯವರು ಮೂರು ಹೊತ್ತಿನ ಊಟದ ದರವನ್ನಷ್ಟೇ ಪಡೆದರೆ ಸಾಕು. ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಮೊದಲೇ ಬರೆದು ತಿಳಿಸದಿದ್ದರೆ ನಾಲ್ಕು ದಿನ ಅನ್ನ ಮೊಸರಿನಲ್ಲೇ ಕಳೆಯಬೇಕಾದೀತು.

ಯಾರಿಗೆ ಯಾವುದು

ಮೂರು ವರ್ಷದೊಳಗಿನ ಮಗು ಇದ್ದರೆ ನಗರದ ಅಂಚಿನ ರೆಸಾರ್ಟು, ಭಾನುವಾರ ಸಂಜೆಯಿಂದ ಮಂಗಳವಾರದವರೆಗೆ. ಬಜೆಟ್ ಬಿಗಿಯಾಗಿದ್ದರೂ ಇದೇ. ಅಜ್ಜ ಅಜ್ಜಿ ಜೊತೆಗಿದ್ದು ಎರಡು ರಾತ್ರಿ ಸಿಗುವುದಾದರೆ ಕಾಫಿ ಸೀಮೆ, ಆದರೆ ಕೊಳದ ಮಟ್ಟದ ಕೋಣೆ. ಎಂಟರಿಂದ ಹದಿನಾಲ್ಕರ ಮಕ್ಕಳಿಗೆ ಜಂಗಲ್ ಲಾಡ್ಜಸ್. ಮಕ್ಕಳೆಲ್ಲ ಹತ್ತು ದಾಟಿ ಈಜು ಕಲಿತಿದ್ದರೆ, ದೊಡ್ಡ ಬಳಗ ಸೇರಿ ಇಡೀ ಮನೆ. ವಿದೇಶ ಎಂದಾದರೆ, ದುಡಿಯುವ ಇಬ್ಬರಿಗೂ ಒಟ್ಟಿಗೆ ಐದು ದಿನ ರಜೆ ಸಿಕ್ಕ ವರ್ಷಕ್ಕೆ ಇಟ್ಟುಕೊಳ್ಳಿ. ಮೂರು ದಿನಕ್ಕೆ ಆ ಖರ್ಚು ಮಾಡಬೇಡಿ.

ಯಾವುದನ್ನೇ ಆರಿಸಿದರೂ ಜಾಹೀರಾತಿನ ಚಿತ್ರ ನೋಡಿ ತೀರ್ಮಾನಿಸಬೇಡಿ. ಆ ಚಿತ್ರ ತೆಗೆಯುವುದು ಯಾರೂ ಇಲ್ಲದ ಮುಂಜಾನೆಯಲ್ಲಿ. ನಾನು ಮಾಡುವುದು ಇಷ್ಟು: ಶನಿವಾರ ಬೆಳಿಗ್ಗೆ ಹನ್ನೊಂದೂವರೆಗೆ ರಿಸೆಪ್ಷನ್‌ಗೆ ಫೋನ್ ಮಾಡಿ, ಈಗ ಈ ಕ್ಷಣದ ಕೊಳದ ಚಿತ್ರ ತೆಗೆದು ಕಳಿಸುತ್ತೀರಾ ಎಂದು ಕೇಳುತ್ತೇನೆ. ಅತಿಥಿಗಳ ಮುಖ ಕಾಣಬೇಕಿಲ್ಲ, ಕುರ್ಚಿಗಳು ಕಂಡರೆ ಸಾಕು ಎನ್ನುತ್ತೇನೆ. ಕೆಲವರು ಆಗುವುದಿಲ್ಲ ಎನ್ನುತ್ತಾರೆ. ಕೆಲವರು ಹಳೆಯ ಜಾಹೀರಾತಿನ ಚಿತ್ರವನ್ನೇ ಕಳಿಸುತ್ತಾರೆ. ಟವೆಲ್ ಹಾಸಿ ಅರ್ಧ ಗಂಟೆ ಬಾರದವರ ಕುರ್ಚಿಯನ್ನು ಸಿಬ್ಬಂದಿ ತೆರವು ಮಾಡುತ್ತಾರೆಯೇ ಎಂದೂ ಕೇಳುತ್ತೇನೆ. ಹೌದು ಎಂದು ತಡವರಿಸದೆ ಹೇಳಿದವರು ಈವರೆಗೆ ಇಬ್ಬರೇ.

ಆ ಇಬ್ಬರಲ್ಲಿ ಒಬ್ಬರದು ಸಕಲೇಶಪುರದಾಚೆಯ 28 ಕೋಣೆಗಳ ಜಾಗ. ಡೇ ಔಟ್ ಇಲ್ಲ, 30 ಕುರ್ಚಿ, ಅವುಗಳಲ್ಲಿ ಹನ್ನೆರಡು ಹೊಂಗೆ ಮರದ ಕೆಳಗೆ. ಕಳೆದ ಶನಿವಾರ ಅಲ್ಲಿನ ಹುಡುಗ ಎರಡೇ ನಿಮಿಷದಲ್ಲಿ ಚಿತ್ರ ಕಳಿಸಿದ. ಅತ್ತೆ ಕನ್ನಡಕ ಹಾಕಿಕೊಂಡು, ಮೊಬೈಲ್ ಪರದೆಯನ್ನು ದೊಡ್ಡದು ಮಾಡಿ, ಮರದ ಕೆಳಗೆ ಖಾಲಿ ಇರುವ ಕುರ್ಚಿಗಳನ್ನು ಬೆರಳಿಟ್ಟು ಎಣಿಸಿದರು. ಏಳು. ಏಪ್ರಿಲ್ ಮೂರನೇ ವಾರದ ಸೋಮವಾರದಿಂದ ಬುಧವಾರಕ್ಕೆ ಕೆಳಗಿನ ಮಟ್ಟದ ಎರಡು ಕೋಣೆಗಳಿಗೆ ಮುಂಗಡ ಕಟ್ಟಿದ್ದೇನೆ.